ಒಲೆಯ ಗುಮ್ಮಟ, ಒಲೆಯ ಒಡೆಯರು

ಹಿತ್ತಲಲ್ಲಿ ಕಟ್ಟಿಗೆ ಒಲೆ ಕಟ್ಟಿಕೊಂಡು ರಜೆಯ ದಿನ ಬ್ರೆಡ್ಡು, ಪಿಜ್ಜಾ ಬೇಯಿಸುವ ಗೀಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಹಬ್ಬಿ ದಶಕಗಳಾದವು. ಈ ಗೀಳು ಹತ್ತಿದವರ ಕೈಯಿಂದ ಕೈಗೆ ಓಡಾಡುವ ನಕ್ಷೆಗಳಲ್ಲಿ ಒಂದು ಬಹಳ ಹೆಸರುವಾಸಿ: ದುಂಡನೆಯ ನೆಲ, ಅದರ ಮೇಲೆ ಬೆಂಕಿ ಇಟ್ಟಿಗೆಯ ಅರ್ಧಗೋಳ, ಮುಂದೊಂದು ಕಮಾನಿನ ಬಾಯಿ, ಬಾಯಿಯ ಹೊರಗೆ ಹೊಗೆಕೊಳವೆ. ಅದನ್ನು ‘ಪಾಂಪೇ ಒಲೆ’ ಎನ್ನುತ್ತಾರೆ. ಹೆಸರಿನಲ್ಲಿ ಒಂದಿಷ್ಟು ವ್ಯಾಪಾರದ ಜಾಣತನ ಇದೆ, ಆದರೆ ಸುಳ್ಳಿಲ್ಲ. ಎರಡು ಸಾವಿರ ವರ್ಷದ ಹಿಂದಿನ ರೋಮನ್ ಬೇಕರಿಯವನನ್ನು ಎಬ್ಬಿಸಿ ತಂದು ಇವತ್ತಿನ ಹಿತ್ತಲ ಒಲೆಯ ಮುಂದೆ ನಿಲ್ಲಿಸಿದರೆ ಅವನು ಯಾರನ್ನೂ ಏನನ್ನೂ ಕೇಳದೆ ಕೆಲಸ ಶುರು ಮಾಡಿಯಾನು. ಅವನಿಗೆ ಅರ್ಥವಾಗದೆ ಉಳಿಯುವುದು ಒಂದೇ: ಇಷ್ಟು ದೊಡ್ಡ ಒಲೆಯನ್ನು ಒಂದೇ ಮನೆಯವರು ಬರೀ ಮೋಜಿಗೆಂದು ಇಟ್ಟುಕೊಂಡಿದ್ದಾರೆ ಎಂಬ ಸಂಗತಿ. ಏಕೆಂದರೆ ಚರಿತ್ರೆಯುದ್ದಕ್ಕೂ ಗುಮ್ಮಟದ ಒಲೆ ಬಹುಮಟ್ಟಿಗೆ ಇನ್ನೊಬ್ಬರದಾಗಿತ್ತು. ಧಣಿಯದು, ಜಮೀನ್ದಾರನದು, ಊರಿನದು, ಬೇಕರಿಯವನದು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಪಾಂಪೇ ಬೂದಿಯಡಿ ಮುಚ್ಚಿಹೋದಾಗ ಆ ಪಟ್ಟಣದಲ್ಲಿ ಮೂವತ್ತಕ್ಕೂ ಹೆಚ್ಚು ಬೇಕರಿಗಳಿದ್ದವು. ಅವುಗಳಲ್ಲೊಂದನ್ನು 1862ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಎಂಬ ಪುರಾತತ್ವಜ್ಞ ಅಗೆಸಿದ. ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದಂತೆಯೇ ಇತ್ತು. ಒಳಗೆ 81 ಬ್ರೆಡ್ಡುಗಳು ಇದ್ದಿಲಾಗಿ, ಆದರೆ ಆಕಾರ ಕೆಡದೆ ಕೂತಿದ್ದವು. ಒಂದೊಂದೂ ಗೇಣಗಲದ ದುಂಡು ಬ್ರೆಡ್ಡು. ಮುರಿದು ಹಂಚಲು ಅನುಕೂಲವಾಗಲೆಂದು ಮೇಲೆ ಎಂಟು ಪಾಲಿನ ಗೀರು. ಜ್ವಾಲಾಮುಖಿ ಸಿಡಿದದ್ದು ಆಗಸ್ಟ್ 24ರಂದು ಎಂದು ಬಹುಕಾಲ ನಂಬಿದ್ದರು. 2018ರಲ್ಲಿ ಗೋಡೆಯೊಂದರ ಮೇಲೆ ಇದ್ದಿಲಿನಲ್ಲಿ ಗೀಚಿದ ತಾರೀಕು ಸಿಕ್ಕ ಮೇಲೆ ಅದು ಅಕ್ಟೋಬರ್ ಇರಬೇಕೆಂಬ ವಾದ ಬಲವಾಗಿದೆ. ತಿಂಗಳು ಯಾವುದೇ ಇರಲಿ, ಆವತ್ತು ಒಲೆ ಕಾದಿತ್ತು, ಹಿಟ್ಟು ಒಳಗೆ ಹೋಗಿತ್ತು, ಹೊರಗೆ ತೆಗೆಯಲು ಯಾರೂ ಉಳಿಯಲಿಲ್ಲ.

ಪಾಂಪೇಯ ಬೇಕರಿ ಎಂದರೆ ಒಲೆ ಮಾತ್ರವಲ್ಲ, ಗಿರಣಿಯೂ ಹೌದು. ಅಂಗಳದಲ್ಲಿ ಲಾವಾ ಕಲ್ಲಿನ, ನಡು ಸಣ್ಣಗಾದ ಎತ್ತರದ ಬೀಸುವ ಕಲ್ಲುಗಳು. ಅವುಗಳ ಸುತ್ತ ತಿರುಗುವ ಕತ್ತೆಗಳು. ಹಿಟ್ಟು ನಾದಲು ಕಲ್ಲಿನ ತೊಟ್ಟಿ, ಉಂಡೆ ಕಟ್ಟಲು ಮೇಜು, ಅದರಾಚೆ ಒಲೆ. ಒಲೆಯ ಒಳಗೆ ಇಟ್ಟಿಗೆ ಗುಮ್ಮಟ, ಹೊರಗೆ ಅದನ್ನು ತಬ್ಬಿ ನಿಂತ ಚೌಕಾಕಾರದ ದಪ್ಪ ಕಟ್ಟಡ. ಪಕ್ಕದಲ್ಲಿ ನೀರಿನ ಪಾತ್ರೆ, ಬೂದಿಗೊಂದು ಜಾಗ. ಒಂದು ಒಲೆಯ ಬಾಯಿಯ ಮೇಲೆ ಪುರುಷಲಿಂಗದ ಉಬ್ಬುಶಿಲ್ಪ, ಶುಭ ಕೋರುವ ಬರಹದ ಸಮೇತ ಸಿಕ್ಕಿದೆ. ಹೊಸ ಮನೆ ಏಳುವಾಗ ದೃಷ್ಟಿಬೊಂಬೆ ತೂಗುಹಾಕುವ ನಮ್ಮ ಮೇಸ್ತ್ರಿಗಳಿಗೆ ಇದರಲ್ಲಿ ಅಂಥ ಅಚ್ಚರಿ ಕಾಣದು. ರೋಮನ್ನರಿಗೆ ಒಲೆಯದೇ ಒಬ್ಬ ದೇವತೆ ಇದ್ದಳು, ಹೆಸರು ಫೋರ್ನಾಕ್ಸ್. ಫೆಬ್ರುವರಿಯಲ್ಲಿ ಅವಳಿಗೊಂದು ಹಬ್ಬವೂ ನಡೆಯುತ್ತಿತ್ತು.

ಪೂಜೆ ಒಲೆಗೆ, ಒಲೆಯ ಮುಂದೆ ಬೆವರಿದವರ ಕಥೆ ಬೇರೆ. 2023ರ ಡಿಸೆಂಬರ್‌ನಲ್ಲಿ ಪಾಂಪೇಯ ಅಧಿಕಾರಿಗಳು ಹೊಸದಾಗಿ ಅಗೆದ ಒಂದು ಬೇಕರಿಯ ವಿವರ ಹೊರಗಿಟ್ಟರು. ಬೀಸುವ ಕೋಣೆಗೆ ಹೊರಗಿನ ನೋಟವೇ ಇಲ್ಲ. ಇದ್ದ ಪುಟ್ಟ ಕಿಟಕಿಗಳಿಗೆ ಕಬ್ಬಿಣದ ಸರಳು. ಕಣ್ಣಿಗೆ ಬಟ್ಟೆ ಕಟ್ಟಿದ ಪ್ರಾಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ತಿರುಗಲೆಂದು ನೆಲಹಾಸಿನ ಕಲ್ಲಿನಲ್ಲೇ ಹೆಜ್ಜೆಯ ಗುರುತು ಕೊರೆದಿದ್ದರು. ಅಲ್ಲಿ ಕತ್ತೆಗಳ ಜೊತೆ ಗುಲಾಮರನ್ನೂ ಕೂಡಿಹಾಕಿ ದುಡಿಸುತ್ತಿದ್ದರು ಎಂಬುದು ಸಂಶೋಧಕರ ತೀರ್ಮಾನ. ಅದೇ ಮನೆಯಲ್ಲಿ ಮೂವರ ಅಸ್ಥಿಪಂಜರಗಳೂ ಸಿಕ್ಕಿದ್ದವು.

ಇದಕ್ಕೆ ಎದುರಾಗಿ ರೋಮಿನಲ್ಲಿ ಇನ್ನೊಂದು ಸಾಕ್ಷಿ ಇದೆ. ಪೋರ್ಟಾ ಮಜ್ಜೋರೆ ಎಂಬ ಹಳೆಯ ಹೆಬ್ಬಾಗಿಲ ಪಕ್ಕ, ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯ ದಶಕಗಳಲ್ಲಿ ಮಾರ್ಕಸ್ ವರ್ಜಿಲಿಯಸ್ ಯೂರಿಸೇಸಿಸ್ ಎಂಬ ಬೇಕರಿ ಧಣಿ ತನಗಾಗಿ ದೊಡ್ಡದೊಂದು ಸಮಾಧಿ ಕಟ್ಟಿಸಿಕೊಂಡ. ಗುಲಾಮಗಿರಿಯಿಂದ ಬಿಡುಗಡೆ ಪಡೆದು, ಸರಕಾರಕ್ಕೆ ಬ್ರೆಡ್ಡು ಪೂರೈಸುವ ಗುತ್ತಿಗೆ ಹಿಡಿದು ಶ್ರೀಮಂತನಾದವನು ಎಂದು ಅವನ ಬಗ್ಗೆ ಊಹೆ. ಆ ಸಮಾಧಿಯ ಮೇಲಂಚಿನ ಉಬ್ಬುಚಿತ್ರದಲ್ಲಿ ಧಾನ್ಯ ಅಳೆಯುವುದರಿಂದ ಹಿಡಿದು ಬ್ರೆಡ್ಡು ತೂಗುವವರೆಗಿನ ಎಲ್ಲ ಕೆಲಸವೂ ಇದೆ. ನಡುವೆ ಒಬ್ಬಾತ ಉದ್ದ ಹಿಡಿಯ ಮರದ ಹಲಗೆಯಿಂದ ಗುಮ್ಮಟದ ಒಲೆಗೆ ಬ್ರೆಡ್ಡು ತಳ್ಳುತ್ತಿದ್ದಾನೆ. ಮುಂದೆ ಕೋಟೆಯ ಬುರುಜೊಂದು ಆ ಸಮಾಧಿಯನ್ನು ನುಂಗಿಹಾಕಿತ್ತು. 1838ರಲ್ಲಿ ಪೋಪ್ ಆ ಬುರುಜು ಕೆಡವಿಸಿದಾಗ ಸಮಾಧಿ ಮತ್ತೆ ಬೆಳಕಿಗೆ ಬಂತು. ಬೆಂಗಳೂರಿನ ಹಳೆಯ ಬೇಕರಿಯ ಭಟ್ಟಿಯ ಮುಂದೆ ನಿಂತವನ ಭಂಗಿಗೂ ಆ ಕಲ್ಲಿನ ಮನುಷ್ಯನ ಭಂಗಿಗೂ ಹೆಚ್ಚು ಅಂತರವಿಲ್ಲ.

ಗುಮ್ಮಟವೇ ಏಕೆ ಬೇಕಾಯಿತು? ಅಂದಕ್ಕಂತೂ ಅಲ್ಲ. ಈ ಬಗೆಯ ಒಲೆಯಲ್ಲಿ ಬೆಂಕಿ ಇರುವುದು ಪಾತ್ರೆಯ ಕೆಳಗಲ್ಲ, ಬ್ರೆಡ್ಡು ಬೇಯುವ ಕೋಣೆಯೊಳಗೇ. ಕಟ್ಟಿಗೆ ಉರಿದು ಇಟ್ಟಿಗೆಗೆ ಶಾಖ ಕುಡಿಸುತ್ತದೆ. ಮೊದಲ ಅರ್ಧ ಗಂಟೆ ಗುಮ್ಮಟದ ಒಳಮೈ ಮಸಿ ಹಿಡಿದು ಕಪ್ಪಗಾಗುತ್ತದೆ. ಶಾಖ 350 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿದಂತೆ ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಮತ್ತೆ ಬೆಳ್ಳಗೆ ಕಾಣತೊಡಗುತ್ತದೆ, ನೆತ್ತಿಯಿಂದ ಶುರುವಾಗಿ ಕೆಳಕ್ಕೆ. ಒಲೆ ತಯಾರಾಗಿದೆ ಎನ್ನಲು ಹಳಬರಿಗೆ ಇದೇ ಗುರುತು, ತಾಪಮಾಪಕ ಬೇಕಿರಲಿಲ್ಲ. ಆಮೇಲೆ ಕೆಂಡ ಹೊರಗೆಳೆದು, ಒದ್ದೆ ಬಟ್ಟೆ ಕಟ್ಟಿದ ಕೋಲಿನಿಂದ ನೆಲ ಒರೆಸಿ, ಹಿಟ್ಟಿನ ಉಂಡೆಗಳನ್ನು ತಳ್ಳಿ ಬಾಗಿಲು ಮುಚ್ಚುತ್ತಾರೆ. ಬೆಂಕಿ ಆರಿದೆ, ಆದರೆ ಇಟ್ಟಿಗೆ ಆರಿಲ್ಲ. ನೆಲ ಕೆಳಗಿನಿಂದ ಸುಡುತ್ತದೆ, ಗುಮ್ಮಟ ಮೇಲಿನಿಂದಲೂ ಸುತ್ತಲಿಂದಲೂ ಶಾಖ ಸುರಿಯುತ್ತದೆ. ಮೂಲೆಗಳಿಲ್ಲದ ಕಾರಣ ಬಿಸಿಗಾಳಿ ಎಲ್ಲೂ ತಂಗುವುದಿಲ್ಲ. ಮೊದಲ ಸರದಿ ಬ್ರೆಡ್ಡಿಗೆ, ಶಾಖ ಇಳಿದಂತೆ ಬಿಸ್ಕತ್ತಿಗೆ, ರಾತ್ರಿಯಿಡೀ ಉಳಿಯುವ ಹದವಾದ ಬಿಸಿ ರಸ್ಕಿಗೆ. ಒಂದು ಹೊರೆ ಕಟ್ಟಿಗೆಯಲ್ಲಿ ಇಡೀ ದಿನದ ಕೆಲಸ.

ಬಾಯಿಯ ಎತ್ತರದಲ್ಲೂ ಒಂದು ಲೆಕ್ಕವಿದೆ. ಅದು ಗುಮ್ಮಟದ ಒಳ ಎತ್ತರದ ಸುಮಾರು 63 ಶೇಕಡಾ ಇರಬೇಕು ಎಂಬುದು ಒಲೆ ಕಟ್ಟುವವರ ನಡುವೆ ಚಾಲ್ತಿಯಲ್ಲಿರುವ ಸೂತ್ರ. ಬಾಯಿ ಇದಕ್ಕಿಂತ ಎತ್ತರವಾದರೆ ಶಾಖ ಹೊರಕ್ಕೆ ಓಡುತ್ತದೆ. ತಗ್ಗಾದರೆ ಬೆಂಕಿಗೆ ಉಸಿರು ಕಟ್ಟಿ ಹೊಗೆ ತುಂಬುತ್ತದೆ. ತಣ್ಣನೆಯ ಗಾಳಿ ಬಾಯಿಯ ಕೆಳಭಾಗದಿಂದ ಒಳಗೆ ನುಸುಳಿ, ಬೆಂಕಿ ಸುತ್ತಿ, ಗುಮ್ಮಟಕ್ಕೆ ಒರೆಸಿಕೊಂಡು, ಅದೇ ಬಾಯಿಯ ಮೇಲ್ಭಾಗದಿಂದ ಹೊರಬರುತ್ತದೆ. ಆದ್ದರಿಂದಲೇ ಹೊಗೆಕೊಳವೆ ಗುಮ್ಮಟದ ನೆತ್ತಿಯಲ್ಲಿರದೆ ಬಾಯಿಯ ಹೊರಗಿರುತ್ತದೆ. ಮೊದಲ ಸಲ ಒಲೆ ಕಟ್ಟುವ ಅನೇಕರು ನೆತ್ತಿಗೆ ತೂತು ಕೊರೆಯುವ ಯೋಚನೆ ಮಾಡುತ್ತಾರೆ. ಕಟ್ಟಿಗೆಯ ಅರ್ಧ ಶಾಖ ಆಕಾಶಕ್ಕೆ ದಾನ ಮಾಡುವ ಮನಸ್ಸಿದ್ದರೆ ಕೊರೆಯಬಹುದು.

ಇನ್ನು ಕಟ್ಟುವ ಕೆಲಸ. ಒಳ ವ್ಯಾಸ 107 ಸೆಂಟಿಮೀಟರ್, ಅಂದರೆ ಮೂರೂವರೆ ಅಡಿ ಎಂದಿಟ್ಟುಕೊಳ್ಳಿ. ಹಿತ್ತಲ ಒಲೆಗೆ ಇದು ಸಾಧಾರಣ ಅಳತೆ. ಭಾರತದ ಅಂಗಡಿಗಳಲ್ಲಿ ಬೆಂಕಿ ಇಟ್ಟಿಗೆ ಕೇಳಿದರೆ ‘ಐಎಸ್ ಆರು’ ಬೇಕೋ ‘ಐಎಸ್ ಎಂಟು’ ಬೇಕೋ ಎನ್ನುತ್ತಾರೆ. ಎರಡೂ ಭಾರತೀಯ ಮಾನಕದ ಸಂಖ್ಯೆಗಳು, ಎಂಟು ಹೆಚ್ಚು ಶಾಖ ತಡೆಯುವಂಥದ್ದು. ಕಬ್ಬಿಣದ ಕುಲುಮೆಗೆ ತಯಾರಾದ ಈ ಇಟ್ಟಿಗೆಗಳಿಗೆ ಬ್ರೆಡ್ಡಿನ ಶಾಖ ಆಟದಷ್ಟೇ. 23 ಸೆಂಟಿಮೀಟರ್ ಉದ್ದದ ಇಟ್ಟಿಗೆಯನ್ನು ಅರ್ಧಕ್ಕೆ ಕತ್ತರಿಸಿ, ಕತ್ತರಿಸದ ಮುಖವನ್ನು ಒಳಕ್ಕೆ ಮಾಡಿ ಸುತ್ತ ಜೋಡಿಸಿದರೆ ಮೊದಲ ವರಸೆಗೆ 29 ತುಂಡು ಹಿಡಿಯುತ್ತವೆ. ನೆಲದ ನಟ್ಟನಡುವೆ ಒಂದು ಕೀಲು, ಕೀಲಿಗೆ ಎಲ್ಲ ದಿಕ್ಕಿಗೂ ಆಡುವ ಒಂದು ಕೋಲು. ಕೋಲಿನ ತುದಿ ತಲುಪಿದಲ್ಲಿ ಇಟ್ಟಿಗೆಯ ಒಳಮೈ ನಿಲ್ಲಬೇಕು. ರಸಮಟ್ಟ, ತೂಕುಗುಂಡು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ವರಸೆ ಏರಿದಂತೆ ಪ್ರತಿ ಇಟ್ಟಿಗೆಯೂ ಇನ್ನಷ್ಟು ಒಳಕ್ಕೆ ಬಾಗುತ್ತದೆ, ಬೆನ್ನ ಹಿಂದೆ ಬೆಣೆಯಾಕಾರದ ಸಂದು ಬಿಡುತ್ತದೆ. ಆ ಸಂದಿಗೆ ಇಟ್ಟಿಗೆ ಚೂರು ಮತ್ತು ಗಾರೆ.

ಮೊದಲ ನಾಲ್ಕೈದು ವರಸೆ ಯಾರು ಬೇಕಾದರೂ ಕಟ್ಟಿಯಾರು. ಅಲ್ಲಿಂದ ಮೇಲೆ ಇಟ್ಟಿಗೆಗಳು ಜಾರಿ ಒಳಗೆ ಬೀಳಲು ಕಾದಿರುತ್ತವೆ. ಒಬ್ಬರು ಎರಡು ಕೈಯಲ್ಲಿ ಹಿಡಿದಿರಬೇಕು, ಇಲ್ಲವೇ ಕೋಲಿಗೊಂದು ಕೊಕ್ಕೆ ಸಿಕ್ಕಿಸಿ ತಡೆಯಬೇಕು. ಮೋಜಿನ ಸಂಗತಿ ಏನೆಂದರೆ ಈ ಅಪಾಯ ಇರುವುದು ವರಸೆ ಮುಗಿಯುವ ತನಕ ಮಾತ್ರ. ಕೊನೆಯ ಇಟ್ಟಿಗೆ ಕೂತು ಉಂಗುರ ಕೂಡಿಕೊಂಡ ಕೂಡಲೇ ಯಾವ ಇಟ್ಟಿಗೆಯೂ ಒಳಕ್ಕೆ ಬೀಳಲಾರದು, ಏಕೆಂದರೆ ಬೀಳಲು ಅಕ್ಕಪಕ್ಕದವು ಜಾಗ ಬಿಡುವುದಿಲ್ಲ. ಹೀಗೆ ಗುಮ್ಮಟ ಪ್ರತಿ ಉಂಗುರಕ್ಕೂ ತನ್ನನ್ನು ತಾನೇ ಹೊತ್ತುಕೊಳ್ಳುತ್ತದೆ. ಕಮಾನಿಗೆ ಬೇಕಾದ ಮರದ ಸೆಂಟ್ರಿಂಗ್ ಇದಕ್ಕೆ ಬೇಡ. ನೆತ್ತಿಯ ಕೊನೆಯ ತೂತಿಗೆ ನಾಲ್ಕೂ ಕಡೆ ಸವರಿದ ಒಂದು ಬೆಣೆಗಲ್ಲು ತಟ್ಟಿ ಕೂರಿಸಿದರೆ ಆಯಿತು.

ಈ ಗುಟ್ಟು ಎಷ್ಟು ಹಳೆಯದೋ ಅಷ್ಟೇ ಸುಲಭವಾಗಿ ಮರೆತುಹೋಗುವಂಥದ್ದು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ 1940ರ ದಶಕದ ಆರಂಭದಲ್ಲಿ, ಯುದ್ಧದಿಂದಾಗಿ ಮರ ಮತ್ತು ಉಕ್ಕು ಸಿಗದಾದಾಗ, ಹಸಿ ಇಟ್ಟಿಗೆಯಲ್ಲೇ ಛಾವಣಿ ಹಾಕಲು ಹೊರಟ. ಕಟ್ಟಿದ್ದೆಲ್ಲ ಕುಸಿಯಿತು. ನೂಬಿಯಾದ ಜನ ಸೆಂಟ್ರಿಂಗ್ ಇಲ್ಲದೆ ಕಮಾನು ಛಾವಣಿ ಕಟ್ಟುತ್ತಾರೆ ಎಂದು ಆಸ್ವಾನ್ ಅಣೆಕಟ್ಟಿನಲ್ಲಿ ಎಂಜಿನಿಯರ್ ಆಗಿದ್ದ ಅವನ ಅಣ್ಣ ಹೇಳಿದ. ಆಸ್ವಾನ್‌ಗೆ ಹೋಗಿ ನೋಡಿದರೆ, ವಿಶ್ವವಿದ್ಯಾಲಯ ಕಲಿಸದ ಕೆಲಸ ಹಳ್ಳಿಯ ಗಾರೆಯವರ ಕೈಯಲ್ಲಿತ್ತು. ಆ ಮೇಸ್ತ್ರಿಗಳನ್ನೇ ಕರೆತಂದು ಅವನು ಲಕ್ಸರ್ ಬಳಿ ಹೊಸ ಗುರ್ನಾ ಎಂಬ ಊರನ್ನು ಕಟ್ಟಿಸಿದ. ಅದಕ್ಕೂ ಐದು ಶತಮಾನ ಮೊದಲು, 1420ರಿಂದ 1436ರವರೆಗೆ, ಫ್ಲಾರೆನ್ಸಿನ ಪ್ರಧಾನ ಚರ್ಚಿನ ಮೇಲೆ ಫಿಲಿಪ್ಪೊ ಬ್ರುನೆಲೆಸ್ಕಿ ನೆಲದಿಂದ ಸೆಂಟ್ರಿಂಗ್ ಎಬ್ಬಿಸದೆ ಇಟ್ಟಿಗೆ ಗುಮ್ಮಟ ಏರಿಸಿದ್ದ. ಇಟ್ಟಿಗೆಗಳನ್ನು ಹೆಣೆದಂತೆ ಅಡ್ಡವೂ ನೆಟ್ಟಗೂ ಇಟ್ಟು, ಒಂದು ಸುತ್ತು ಮುಗಿಯುವವರೆಗೆ ಜಾರದಂತೆ ಅವು ತಾವೇ ಕಚ್ಚಿಕೊಳ್ಳುವ ಹಾಗೆ ಮಾಡಿದ್ದ. ಹಿತ್ತಲಲ್ಲಿ ಒಲೆ ಕಟ್ಟುವವರು ಏಳನೆಯ ವರಸೆಗೆ ಬಂದಾಗ ಎದುರಾಗುವುದು ಬ್ರುನೆಲೆಸ್ಕಿಗೆ ಎದುರಾದ ಪ್ರಶ್ನೆಯೇ.

ಗುಮ್ಮಟ ಎಂದ ಮೇಲೆ ವಿಜಯಪುರವನ್ನು ಬಿಡುವಂತಿಲ್ಲ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದ ತಲೆಯೂ ಇಟ್ಟಿಗೆ ಮತ್ತು ಸುಣ್ಣದ ಗಾರೆಯದೇ. ಆದರೆ ಅಲ್ಲಿ ಇಟ್ಟಿಗೆಗಳು ಕೇಂದ್ರದತ್ತ ಬಾಗಿಲ್ಲ. ಮಟ್ಟಸವಾಗಿ ಒಂದರ ಮೇಲೊಂದು ಕೂತಿವೆ, ನಡುವೆ ದಪ್ಪ ಗಾರೆ. ಸುಮಾರು ಮೂರು ಮೀಟರ್ ದಪ್ಪದ ಆ ಚಿಪ್ಪು ಗಾರೆ ಬಿಗಿದು ಒಂದೇ ಬಂಡೆಯಂತಾಗಿದೆ. ಬಲ ಇರುವುದು ಇಟ್ಟಿಗೆಗಿಂತ ಸುಣ್ಣದಲ್ಲಿ. ಒಲೆಯ ಮೇಸ್ತ್ರಿಗೆ ಈ ದಾರಿ ಮುಚ್ಚಿದೆ, ಏಕೆಂದರೆ ಬೆಂಕಿ ಮೊದಲು ಕೊಲ್ಲುವುದು ಗಾರೆಯನ್ನೇ. ಸಿಮೆಂಟನ್ನು ಹಿಡಿದಿಟ್ಟಿರುವ ಸುಣ್ಣದ ಅಂಶ 400 ಡಿಗ್ರಿ ದಾಟಿದ ಮೇಲೆ ನೀರು ಬಿಟ್ಟುಕೊಟ್ಟು ಒಡೆಯುತ್ತದೆ, ತಣಿದಾಗ ಗಾಳಿಯ ತೇವ ಹೀರಿ ಉಬ್ಬುತ್ತದೆ, ಕೊನೆಗೆ ಪುಡಿಯಾಗಿ ಉದುರುತ್ತದೆ. ಅದಕ್ಕೇ ಹಳಬರು ಒಲೆಗೆ ಜೇಡಿಮಣ್ಣು, ಮರಳು ಬೆರೆಸಿದ ಗಾರೆ ಹಾಕುತ್ತಿದ್ದರು. ಈಗಿನ ಹವ್ಯಾಸಿಗಳು ಮೂರು ಪಾಲು ಮರಳಿಗೆ ಸಿಮೆಂಟು, ಸುಣ್ಣ, ಬೆಂಕಿಮಣ್ಣು ಒಂದೊಂದು ಪಾಲು ಬೆರೆಸುತ್ತಾರೆ. ಸಿಮೆಂಟು ಸತ್ತರೂ ಮಣ್ಣು ಸುಟ್ಟು ಗಟ್ಟಿಯಾಗಲಿ ಎಂಬ ಲೆಕ್ಕಾಚಾರ. ಏನೇ ಬೆರೆಸಿದರೂ ಒಳಮೈಯಲ್ಲಿ ಸಂದು ಕಿರುಬೆರಳ ಉಗುರಿಗಿಂತ ದಪ್ಪ ಇರಬಾರದು.

ಅರ್ಧಗೋಳಕ್ಕೆ ಒಂದು ಹುಟ್ಟುರೋಗವೂ ಇದೆ. ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗಿಳಿದ ಮೇಲೆ ಉಂಗುರಗಳು ಒಳಕ್ಕೆ ಒತ್ತುವ ಬದಲು ಹೊರಕ್ಕೆ ಹಿಗ್ಗಲು ನೋಡುತ್ತವೆ. ಇಟ್ಟಿಗೆ ಒತ್ತಡ ತಡೆದೀತು, ಎಳೆತ ತಡೆಯದು. ಆದ್ದರಿಂದ ಬುಡದಲ್ಲಿ ಮೇಲಿಂದ ಕೆಳಕ್ಕೆ ಬಿರುಕು ಬಿಡುತ್ತದೆ. ಬ್ರುನೆಲೆಸ್ಕಿ ಇದಕ್ಕೆ ಕಲ್ಲು ಮತ್ತು ಮರದ ಸರಪಳಿಗಳನ್ನು ಗುಮ್ಮಟದೊಳಗೆ ಹೂತಿಟ್ಟ. ಪಾಂಪೇಯವರು ಗುಮ್ಮಟದ ಸುತ್ತ ಚೌಕದ ದಪ್ಪ ಗೋಡೆ ಕಟ್ಟಿದರು. ಅದು ಶಾಖಕ್ಕೂ ಆಯಿತು, ಆಸರೆಗೂ ಆಯಿತು. ಹೊಸ ಒಲೆಯ ಹಸಿ ಆರುವ ಮುನ್ನ ಆತುರದಿಂದ ದೊಡ್ಡ ಬೆಂಕಿ ಹಾಕಿದರೆ ಇನ್ನೊಂದು ಬಗೆಯ ಬಿರುಕು: ಗಾರೆಯೊಳಗಿನ ನೀರು ಹಬೆಯಾಗಿ, ಹೊರಹೋಗಲು ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಮೊದಲ ವಾರ ಪುಳ್ಳೆಯ ಸಣ್ಣ ಬೆಂಕಿ, ದಿನದಿನಕ್ಕೆ ತುಸು ಹೆಚ್ಚು.

ಇಷ್ಟೆಲ್ಲ ಇಟ್ಟಿಗೆ, ಇಷ್ಟೆಲ್ಲ ಕಟ್ಟಿಗೆ ಒಂದು ಸಂಸಾರಕ್ಕೆ ಹೊರಲಾಗದ ಭಾರ. ಮಧ್ಯಯುಗದ ಯೂರೋಪಿನಲ್ಲಿ ಈ ಭಾರವೇ ಅಧಿಕಾರವಾಯಿತು. ಫ್ರಾನ್ಸಿನಲ್ಲಿ ಗಿರಣಿ, ದ್ರಾಕ್ಷಿಗಾಣ, ಒಲೆ ಮೂರೂ ಜಮೀನ್ದಾರನವು. ರೈತರು ಅಲ್ಲೇ ಬೀಸಿಸಬೇಕು, ಅಲ್ಲೇ ಬೇಯಿಸಬೇಕು, ಅದಕ್ಕೆ ಹಿಟ್ಟಿನಲ್ಲೋ ಬ್ರೆಡ್ಡಿನಲ್ಲೋ ಪಾಲು ಕೊಡಬೇಕು. ಸ್ವಂತ ಒಲೆ ಕಟ್ಟಿಕೊಂಡರೆ ದಂಡ. ಈ ಹಕ್ಕಿನ ಮೇಲೆ ಮೊದಲ ಏಟು ಬಿದ್ದದ್ದು 1789ರ ಆಗಸ್ಟ್ 4ರ ರಾತ್ರಿ, ಕ್ರಾಂತಿಯ ಸಭೆ ಜಮೀನ್ದಾರಿ ಹಕ್ಕುಗಳನ್ನು ಕಿತ್ತುಹಾಕಲು ಕೂತಾಗ. ಪರಿಹಾರವೇ ಇಲ್ಲದೆ ಪೂರ್ತಿ ರದ್ದಾದದ್ದು 1793ರ ಜುಲೈನಲ್ಲಿ. ಕ್ರಾಂತಿ ಎಂದೊಡನೆ ಬಾಸ್ಟೀಲ್ ಸೆರೆಮನೆಯನ್ನು ನೆನೆಯುವ ಪುಸ್ತಕಗಳು ಒಲೆಯನ್ನು ಸಾಲು ಎರಡು ಸಾಲಿನಲ್ಲಿ ಮುಗಿಸುತ್ತವೆ. ವಾರವಾರವೂ ಹಿಟ್ಟಿನ ಬುಟ್ಟಿ ಹೊತ್ತು ಆ ಬಾಗಿಲಿಗೆ ಹೋಗುತ್ತಿದ್ದ ಹೆಂಗಸರಿಗೆ ಬಾಸ್ಟೀಲ್‌ಗಿಂತ ಅದೇ ಹತ್ತಿರದ ಸಂಗತಿಯಾಗಿತ್ತು.

ಈ ಕಾನೂನು ಫ್ರೆಂಚರ ಜೊತೆ ಹಡಗು ಹತ್ತಿ ಕೆನಡಾಕ್ಕೂ ಹೋಗಿತ್ತು, ಆದರೆ ಅಲ್ಲಿನ ಚಳಿ ಅದಕ್ಕೆ ಬಗ್ಗಲಿಲ್ಲ. ಮನೆಗಳು ಒಂದಕ್ಕೊಂದು ಬಲು ದೂರ. ಜನ ಚಳಿಗಾಲದಲ್ಲಿ ಹಸಿ ಹಿಟ್ಟನ್ನು ಜಮೀನ್ದಾರನ ಒಲೆಗೆ ಒಯ್ಯುವಷ್ಟರಲ್ಲಿ ಅದು ಹೆಪ್ಪುಗಟ್ಟುತ್ತದೆ ಎಂದು 1707ರಲ್ಲಿ ಅಲ್ಲಿನ ಆಡಳಿತಗಾರ ರೋಡೊ ಫ್ರಾನ್ಸಿನ ದೊರೆಯ ಸರಕಾರಕ್ಕೆ ತಿಳಿಸಿದ. ಕ್ವಿಬೆಕ್‌ನ ರೈತರು ಮನೆಯ ಪಕ್ಕದಲ್ಲೇ ತಮ್ಮ ಒಲೆ ಕಟ್ಟಿಕೊಂಡರು. ಇಟ್ಟಿಗೆ ಕೊಳ್ಳುವ ಶಕ್ತಿ ಇಲ್ಲದವರು ಗಿಡದ ಕೊಂಬೆ ಬಾಗಿಸಿ ಬುಟ್ಟಿಯಂತೆ ಹೆಣೆದು ಮೇಲೆ ಜೇಡಿಮಣ್ಣು ಮೆತ್ತಿದರು. ಮೊದಲ ಬೆಂಕಿಗೆ ಕೊಂಬೆ ಸುಟ್ಟು ಗುಮ್ಮಟ ಉಳಿಯುತ್ತಿತ್ತು. ಇವತ್ತಿನ ಹಿತ್ತಲ ಒಲೆಯ ನೇರ ಪೂರ್ವಜರನ್ನು ಹುಡುಕುವುದಾದರೆ ಪಾಂಪೇಗಿಂತ ಇಲ್ಲಿ ಹುಡುಕುವುದು ಸರಿ. ಎಪ್ಪತ್ತರ ದಶಕದಲ್ಲಿ ಲೀಸ್ ಬುವಾಲಿ ಮತ್ತು ಜಾನ್ ಫ್ರಾಂಸ್ವಾ ಬ್ಲಾಂಶೆಟ್ ಎಂಬ ಸಂಶೋಧಕರು ಊರೂರು ಸುತ್ತಿ ಇಂಥ ಒಲೆಗಳನ್ನು ಅಳೆದು ಬರೆದಿಟ್ಟ ಪುಸ್ತಕವನ್ನು ಹವ್ಯಾಸಿಗಳು ಈಗಲೂ ತಿರುವಿಹಾಕುತ್ತಾರೆ.

ನೇಪಲ್ಸ್‌ನಲ್ಲಿ ಒಲೆಯ ಆಕಾರವೇ ತುಸು ಬದಲಾಯಿತು. ಬ್ರೆಡ್ಡಿಗೆ ಹಿಡಿದಿಟ್ಟ ಶಾಖ ಸಾಕು. ಪಿಜ್ಜಾಕ್ಕೆ ಉರಿಯುವ ಜ್ವಾಲೆಯೇ ಬೇಕು. ಬೆಂಕಿಯನ್ನು ಪಕ್ಕಕ್ಕೆ ತಳ್ಳಿ, ಜ್ವಾಲೆ ತಗ್ಗಾದ ಗುಮ್ಮಟವನ್ನು ನೆಕ್ಕಿಕೊಂಡು ಈಚೆ ಬದಿಗೆ ಬಾಗುವಂತೆ ಕಟ್ಟುತ್ತಾರೆ. ಅಲ್ಲಿನ ಗುಮ್ಮಟ ಅರ್ಧಗೋಳಕ್ಕಿಂತ ಬಹಳ ಚಪ್ಪಟೆ. 1984ರಲ್ಲಿ ಹುಟ್ಟಿದ ಅಲ್ಲಿನ ಪಿಜ್ಜಾ ಸಂಘ ಇದನ್ನೆಲ್ಲ ನಿಯಮವಾಗಿ ಬರೆದಿಟ್ಟಿದೆ: ಗುಮ್ಮಟ ಸುಮಾರು 485 ಡಿಗ್ರಿ, ನೆಲ 380ರಿಂದ 430 ಡಿಗ್ರಿ, ಬೇಯುವ ಅವಧಿ 60ರಿಂದ 90 ಸೆಕೆಂಡು. ನೆಲಕ್ಕೆ ಹಾಸುವುದು ಸೊರೆಂಟೊ ಕಡೆಯ ಮಣ್ಣಿನ ಹೆಂಚು. ಅದು ಶಾಖವನ್ನು ನಿಧಾನಕ್ಕೆ ಬಿಡುವುದರಿಂದ ಪಿಜ್ಜಾದ ತಳ ಸೀಯುವುದಿಲ್ಲ. 2017ರಲ್ಲಿ ಯುನೆಸ್ಕೊ ನೇಪಲ್ಸ್‌ನ ಪಿಜ್ಜಾ ಕಸುಬನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮನ್ನಣೆ ಸಿಕ್ಕಿದ್ದು ಪಿಜ್ಜಾ ತಟ್ಟುವವನಿಗೆ. ಒಲೆ ಕಟ್ಟುವವನ ಹೆಸರು ಅಲ್ಲಿ ಹಿಂದೆಯೇ ಉಳಿಯಿತು.

ನಮ್ಮ ಕಡೆಗೆ ಈ ಒಲೆ ಸಮುದ್ರದ ದಾರಿಯಲ್ಲಿ ಬಂತು. ಭಾರತಕ್ಕೆ ಒಲೆ ಹೊಸದಲ್ಲ. ತಂದೂರು ಬಹಳ ಹಳೆಯದು. ಆದರೆ ಅದು ನಿಂತ ಹಂಡೆ, ರೊಟ್ಟಿ ಅದರ ಗೋಡೆಗೆ ಅಂಟಬೇಕು. ಉಬ್ಬಿದ ಬ್ರೆಡ್ಡಿಗೆ ಬೇಕಾದ, ಮಲಗಿದ ನೆಲದ ಗುಮ್ಮಟ ಒಲೆಯನ್ನು ಕರಾವಳಿಗೆ ತಂದವರು 1510ರಲ್ಲಿ ಗೋವಾ ಗೆದ್ದ ಪೋರ್ಚುಗೀಸರು. ಚರ್ಚಿನ ಪೂಜೆಗೂ ಊಟಕ್ಕೂ ಅವರಿಗೆ ಗೋಧಿ ಬ್ರೆಡ್ಡು ಬೇಕಿತ್ತು. ಸಾಲ್ಸೇಟ್ ತಾಲೂಕಿನ ಮಜೋರ್ಡಾದ ಹೊಸ ಕ್ರೈಸ್ತರಿಗೆ ಜೆಸ್ಯುಟ್ ಪಾದ್ರಿಗಳು ಈ ಕಸುಬು ಕಲಿಸಿದರು ಎಂದು ಅಲ್ಲಿ ಪ್ರತೀತಿ. ಯೀಸ್ಟ್ ಸಿಗದ ಊರಲ್ಲಿ ಹಿಟ್ಟು ಉಬ್ಬಿಸಿದ್ದು ತೆಂಗಿನ ಕಳ್ಳು. ಬ್ರೆಡ್ಡು ಮಾಡುವ ‘ಪೊದೇರ್’ ಬೆಳಗಿನ ಜಾವ ಸೈಕಲ್ಲಿನ ಹಾರನ್ ಒತ್ತುತ್ತ ಓಣಿಗಿಳಿಯುವುದು ಗೋವಾದ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಅಲ್ಲಿನ ಭಟ್ಟಿಗಳಿಗೆ ಹೊರಗೆ ಜಂಬಿಟ್ಟಿಗೆ, ಒಳಗೆ ಸುಟ್ಟ ಇಟ್ಟಿಗೆಯ ತಗ್ಗು ಗುಮ್ಮಟ. ಹೊಸ ತಲೆಮಾರು ಬೆಂಕಿಯ ಮುಂದೆ ರಾತ್ರಿ ಕಳೆಯಲು ಒಲ್ಲದ ಕಾರಣ ಎಷ್ಟೋ ಭಟ್ಟಿಗಳು ಬಾಡಿಗೆಗೆ ಹೋಗಿವೆ. ಅವುಗಳಲ್ಲಿ ದುಡಿಯುವವರಲ್ಲಿ ಕರ್ನಾಟಕದಿಂದ ವಲಸೆ ಹೋದವರೂ ಇದ್ದಾರೆ.

ಕರಾವಳಿಯ ಇನ್ನೊಂದು ತುದಿಯಲ್ಲಿ, ತಲಶ್ಶೇರಿಯಲ್ಲಿ, ಮಾಂಬಳ್ಳಿ ಬಾಪು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದರು. ಬೇಕಿಂಗ್ ಕಲಿತದ್ದು ಬರ್ಮಾದಲ್ಲಿ. 1883ರಲ್ಲಿ ಬ್ರಿಟಿಷ್ ತೋಟದ ಮಾಲೀಕನೊಬ್ಬ ವಿಲಾಯಿತಿ ಕೇಕಿನ ತುಂಡು ತೋರಿಸಿ ಇಂಥದ್ದು ಮಾಡಿಕೊಡು ಎಂದಾಗ ಅವರು ಮಾಡಿಕೊಟ್ಟ ಕ್ರಿಸ್‌ಮಸ್ ಕೇಕಿನ ಕಥೆ ಮಲಬಾರಿನಲ್ಲಿ ಮನೆಮಾತು. ಬೆಂಗಳೂರಿನ ಕಥೆಯೂ ಇದಕ್ಕೆ ಹತ್ತಿರದ್ದು. ದಂಡಿನ ಪ್ರದೇಶದಲ್ಲಿ ಬಿಳಿಯರ ಬ್ರೆಡ್ಡಿಗೆ ಬೇಕರಿಗಳಿದ್ದವು. ಪೇಟೆಯ ಜನಕ್ಕೆ ಬ್ರೆಡ್ಡು ಎಂದರೆ ಮೈಲಿಗೆಯ ವಸ್ತು, ಇಲ್ಲವೇ ಜ್ವರ ಬಂದವರ ಪಥ್ಯ. 1898ರಲ್ಲಿ ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ಮೊದಲು ಸಿಹಿತಿಂಡಿ ಮಾರುತ್ತಿದ್ದ ಅವರಿಗೆ ಅಂಗಡಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬ ಭಟ್ಟಿಯ ಕೆಲಸ ಹೇಳಿಕೊಟ್ಟ ಎಂದು ಕಥೆ. ಅವರ ಹಿಂದೆ ಹಾಸನ ಸೀಮೆಯ ಅಯ್ಯಂಗಾರರು ಒಬ್ಬರಾದ ಮೇಲೊಬ್ಬರು ಬಂದರು. ಮೊಟ್ಟೆಯಿಲ್ಲದ ಬ್ರೆಡ್ಡು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಎಲ್ಲವೂ ಬೆಂದದ್ದು ಇಟ್ಟಿಗೆ ಭಟ್ಟಿಯಲ್ಲೇ. ಮಡಿವಂತರ ನಾಲಗೆಗೆ ಬ್ರೆಡ್ಡು ರುಚಿ ಹತ್ತಿಸಿದ್ದು ಮೈಸೂರು ಸೀಮೆಯ ಸಣ್ಣ ಸಾಮಾಜಿಕ ಕ್ರಾಂತಿಯೇ ಸರಿ. ಅದಕ್ಕೆ ಅರ್ಧ ಪುಣ್ಯ ಅಯ್ಯಂಗಾರರ ಮಡಿಗೆ, ಇನ್ನರ್ಧ ಖಾರಾ ಬನ್ನಿನ ಹಸಿಮೆಣಸಿನಕಾಯಿಗೆ ಸಲ್ಲಬೇಕು.

ಅತ್ತ ಅಮೆರಿಕದಲ್ಲಿ ಕಬ್ಬಿಣದ ಸ್ಟೌವು, ಆಮೇಲೆ ಗ್ಯಾಸು, ಆಮೇಲೆ ಕಾರ್ಖಾನೆಯ ಹೋಳು ಬ್ರೆಡ್ಡು ಬಂದು ಇಟ್ಟಿಗೆ ಒಲೆ ಹೆಚ್ಚುಕಡಿಮೆ ಮರೆತುಹೋಗಿತ್ತು. ಅದನ್ನು ಮರಳಿ ಎಬ್ಬಿಸಿದ್ದು ಕ್ಯಾಲಿಫೋರ್ನಿಯಾ. 1980ರಲ್ಲಿ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ತನ್ನ ಹೋಟೆಲಿನ ಮಹಡಿಯ ಕೆಫೆಯಲ್ಲಿ ಕಟ್ಟಿಗೆ ಒಲೆ ಇಟ್ಟಳು. 1982ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವುಲ್ಫ್‌ಗ್ಯಾಂಗ್ ಪಕ್ ಸಿನಿಮಾ ತಾರೆಯರಿಗೆ ಕಟ್ಟಿಗೆ ಒಲೆಯ ಪಿಜ್ಜಾ ಉಣಿಸಿದ. ಇದೇ ಹೊತ್ತಿಗೆ ಅಲನ್ ಸ್ಕಾಟ್ ಎಂಬ ಆಸ್ಟ್ರೇಲಿಯಾ ಮೂಲದ ಕಮ್ಮಾರ ಸಣ್ಣ ಬೇಕರಿಗಳಿಗೆ, ಹಿತ್ತಲುಗಳಿಗೆ ಒಲೆ ಕಟ್ಟಿಕೊಡುತ್ತಿದ್ದ. ಡೇನಿಯಲ್ ವಿಂಗ್ ಜೊತೆ ಸೇರಿ 1999ರಲ್ಲಿ ಅವನು ತಂದ ‘ದಿ ಬ್ರೆಡ್ ಬಿಲ್ಡರ್ಸ್’ ಪುಸ್ತಕ ಈ ಹವ್ಯಾಸಿಗಳಿಗೆ ಕೈಪಿಡಿಯಾಯಿತು. ವಿಚಿತ್ರವೆಂದರೆ ಸ್ಕಾಟ್ ಗುಮ್ಮಟದ ಪಕ್ಷದವನಲ್ಲ. ಆಯತದ ನೆಲ, ಮೇಲೆ ಉದ್ದಕ್ಕೆ ಕಮಾನು ಛಾವಣಿ: ಕಟ್ಟಲು ಸುಲಭ, ಉದ್ದನೆಯ ಬ್ರೆಡ್ಡುಗಳು ಸಾಲಾಗಿ ಹಿಡಿಸುತ್ತವೆ ಎಂಬುದು ಅವನ ವಾದ. ಗುಮ್ಮಟದವರು ತಮ್ಮ ಒಲೆ ಬೇಗ ಕಾಯುತ್ತದೆ, ಪಿಜ್ಜಾಕ್ಕೆ ಅದೇ ಸರಿ ಎನ್ನುತ್ತಾರೆ. ಇಬ್ಬರದೂ ನಿಜ, ಏನು ಬೇಯಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಸಂಖ್ಯೆಯಲ್ಲಿ ಮಾತ್ರ ಪಿಜ್ಜಾದವರೇ ಗೆದ್ದರು.

ಹೀಗೆ ಹಿತ್ತಲಿಗೆ ಬಂದ ಒಲೆಗೆ ಈಗ ಹೊಗೆಯ ಲೆಕ್ಕ ಕೇಳುವವರು ಬಂದಿದ್ದಾರೆ. 2015ರ ಡಿಸೆಂಬರ್‌ನಲ್ಲಿ ನೇಪಲ್ಸ್ ಬಳಿಯ ಸಾನ್ ವಿಟಾಲಿಯಾನೊ ಊರಿನ ಮೇಯರ್, ಸೋಸುಗ ಇಲ್ಲದ ಕಟ್ಟಿಗೆ ಒಲೆಗಳನ್ನು ಚಳಿಗಾಲಕ್ಕೆ ನಿಷೇಧಿಸಿದಾಗ ಪಿಜ್ಜಾದ ತವರಲ್ಲೇ ರಂಪವಾಯಿತು. ನ್ಯೂಯಾರ್ಕ್ ನಗರ 2024ರಿಂದ ಹಳೆಯ ಕಟ್ಟಿಗೆ, ಕಲ್ಲಿದ್ದಲು ಒಲೆಗಳ ಹೊಗೆಯ ಕಣಗಳನ್ನು 75 ಶೇಕಡಾ ತಗ್ಗಿಸಲು ಹೇಳಿದೆ. ಮುಂಬೈಯಲ್ಲಿ ಗಾಳಿ ಕೆಟ್ಟ ಬಗ್ಗೆ ವಿಚಾರಣೆ ನಡೆಸಿದ ಬಾಂಬೆ ಹೈಕೋರ್ಟ್, ಕಟ್ಟಿಗೆ ಮತ್ತು ಕಲ್ಲಿದ್ದಲು ಬಳಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಹಸಿರು ಇಂಧನಕ್ಕೋ ಬದಲಾಗಬೇಕೆಂದು 2025ರ ಜನವರಿಯಲ್ಲಿ ಆದೇಶಿಸಿತು. ಪಾವ್ ಬೆಲೆ ಏರುತ್ತದೆ, ಭಟ್ಟಿ ಒಡೆದು ಹೊಸದು ಹೂಡಲು ದುಡ್ಡೆಲ್ಲಿ ಎಂದು ಬೇಕರಿಯವರ ಗೋಳು. ಶ್ವಾಸಕೋಶಕ್ಕೆ ಪರಂಪರೆ ಗೊತ್ತಾಗುವುದಿಲ್ಲ ಎಂಬ ಮಾತೂ ಅಷ್ಟೇ ನಿಜ.

ಇಂಧನ ಬದಲಾದ ಕೂಡಲೇ ಗುಮ್ಮಟ ಹೋಗಬೇಕೆಂದೇನೂ ಇಲ್ಲ. ಎಷ್ಟೋ ಹಳೆಯ ಬೇಕರಿಗಳಲ್ಲಿ ಕಟ್ಟಿಗೆಯ ಜಾಗಕ್ಕೆ ಡೀಸೆಲ್ ಬರ್ನರ್ ಬಂದಾಗ ಇಟ್ಟಿಗೆ ಗೂಡು ಹಾಗೇ ಉಳಿಯಿತು. ಬರ್ನರಿನ ಮೂತಿ ಒಳಗಿಟ್ಟು ಒಂದೆರಡು ಗಂಟೆ ಕಾಯಿಸಿ, ತೆಗೆದು, ಬಾಗಿಲು ಮುಚ್ಚಿದರೆ ಇಟ್ಟಿಗೆ ತನ್ನ ಕೆಲಸ ಮೊದಲಿನಂತೆಯೇ ಮಾಡುತ್ತದೆ. ಕಟ್ಟಿಗೆಯೇ ಪ್ರಾಣ ಎನ್ನುತ್ತಿದ್ದ ನೇಪಲ್ಸ್‌ನ ಸಂಘವೂ ಈಗ ಗ್ಯಾಸ್ ಒಲೆಗೆ, ಆಯ್ದ ವಿದ್ಯುತ್ ಒಲೆಗೆ ಒಪ್ಪಿಗೆ ಕೊಟ್ಟಿದೆ.